ದೊಡ್ಡ ಜಾತಿಯ ಮೊಲಗಳು: ಗಾತ್ರ, ಆರೋಗ್ಯ ಮತ್ತು ಆಯುಷ್ಯ



ತೊಗರಿ, ಸೋಯಾ, ಜೋಳದ ವಿಷಯ ಬರೆಯಬೇಕಾದ ಪುಟದಲ್ಲಿ ಮೊಲದ ಮಾತು ಏಕೆ ಬಂತೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳಿಂದೀಚೆಗೆ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಹಳ್ಳಿಗಳಲ್ಲಿ ನಾನು ತಿರುಗಾಡುವಾಗ ಮನೆಯ ಪಡಸಾಲೆಯಲ್ಲಿ, ಅಂಗಳದ ಮೂಲೆಯಲ್ಲಿ, ತಂತಿಯ ಗೂಡಿನೊಳಗೆ ದೊಡ್ಡ ಮೊಲಗಳು ಕಣ್ಣಿಗೆ ಬೀಳುತ್ತಿವೆ. ಹೈದರಾಬಾದು–ಸೊಲ್ಲಾಪುರ ಹೆದ್ದಾರಿ ನಮ್ಮ ಎರಡೂ ತಾಲೂಕುಗಳಲ್ಲಿ ಹಾದುಹೋಗುವುದರಿಂದ ಪೇಟೆಯಲ್ಲಿ ಇಂದು ಕಂಡದ್ದು ನಮ್ಮಲ್ಲಿ ನಾಳೆ ಬರುತ್ತದೆ. ಮೊಲದ ಮರಿಗಳೂ ಹಾಗೆಯೇ ಬಂದಿವೆ. ಮಾಂಸಕ್ಕಾಗಿ ಅಲ್ಲ, ಮಕ್ಕಳ ಹಟಕ್ಕಾಗಿ, ಮುದ್ದಿಗಾಗಿ. ತಂದವರಿಗೆ ಅವುಗಳ ವಿಷಯ ಏನೂ ತಿಳಿಯದು. ತಂದು ಒಂದು ಬೇಸಿಗೆ ಕಳೆಯುವುದರೊಳಗೆ ಎಷ್ಟೋ ಮೊಲಗಳು ಸಾಯುತ್ತವೆ.

ಅವರಿಗೆ ತಿಳಿಯದೆಂದು ಬರೆದೆನಷ್ಟೆ? ನನಗೂ ತಿಳಿದಿರಲಿಲ್ಲ. ಅದನ್ನು ಮೊದಲು ಹೇಳಿಬಿಡುವುದು ಲೇಸು.

2024ರ ಏಪ್ರಿಲ್ ಕೊನೆಯ ವಾರ. ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯಿಂದ ಏಳನೆಯ ತರಗತಿ ಓದುವ ಹುಡುಗನೊಬ್ಬ ಫೋನು ಮಾಡಿದ. ಅವನ ಮನೆಯ ಬಿಳಿಯ ಮೊಲವನ್ನು ನಾನು ನೋಡಿದ್ದೆ. ಐದು ಕಿಲೋದಷ್ಟು ತೂಗುತ್ತಿತ್ತು. ಜಾತ್ರೆಯಲ್ಲಿ ಕೊಂಡದ್ದು. "ಸರ್, ಮೊಲ ನಿನ್ನಿಯಿಂದ ಏನೂ ತಿನ್ಲತ್ತಿಲ್ರಿ, ಸುಮ್ನೆ ಕುಂತದ" ಎಂದ. ನಾನು ಕೃಷಿ ಡಿಪ್ಲೊಮಾ ಓದಿದವನು. ದನ, ಆಡು, ಕೋಳಿಗಳ ಸಾಮಾನ್ಯ ವಿಷಯ ಬಲ್ಲೆ. ಹೊಟ್ಟೆ ಭಾರವಾದ ದನಕ್ಕೆ ಒಂದು ಹೊತ್ತು ಮೇವು ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಅದೇ ಧೈರ್ಯದಿಂದ, "ಹೊಟ್ಟಿ ಭಾರ ಆಗಿರಬೇಕು, ಇವತ್ತು ಉಪಾಸ ಬಿಡು, ನಾಳಿ ಬಂದು ನೋಡ್ತೀನಿ" ಎಂದು ಹೇಳಿದೆ. ಮರುದಿನ ಹತ್ತು ಗಂಟೆಗೆ ಹೋದೆ. ಮೊಲ ಬೆಳಗಿನ ಜಾವವೇ ಸತ್ತುಹೋಗಿತ್ತು. ಅವನ ಅವ್ವ ಅದರ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿದ್ದಳು. ಹುಡುಗ ಅಳುತ್ತಿರಲಿಲ್ಲ. "ನೀವು ಹೇಳ್ದಂಗ ಉಪಾಸ ಇಟ್ಟಿದ್ದೆರಿ" ಎಂದಷ್ಟೇ ಹೇಳಿದ.

ಆ ಮೇಲೆ ಪಶುವೈದ್ಯರಲ್ಲಿ ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ನಮ್ಮ ಹೊಲದ ಬದುವಿನಲ್ಲಿ, ಕುರುಚಲು ಗಿಡಗಳ ನಡುವೆ ರಾತ್ರಿ ಓಡಾಡುವ ಕಾಡುಮೊಲವೂ ಗೂಡಿನಲ್ಲಿ ಸಾಕುವ ಮೊಲವೂ ಒಂದೇ ಜಾತಿಯಲ್ಲ. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರು, ಅದರಿಂದ ಗೊಂದಲ. ಸಾಕುವ ಮೊಲದ ಮೂಲ ಯುರೋಪು ಖಂಡ. ಅದು ನೆಲದಲ್ಲಿ ಬಿಲ ತೋಡಿ ಗುಂಪಿನಲ್ಲಿ ಬಾಳುವ ಪ್ರಾಣಿ. ಅದರ ಮರಿಗಳು ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ, ಮೈಮೇಲೆ ಕೂದಲಿರುವುದಿಲ್ಲ. ನಮ್ಮ ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಇವೆರಡೂ ಕೂಡಿ ಮರಿ ಹಾಕಲಾರವು. ಕಾಡುಮೊಲವನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಲದಲ್ಲಿ ಮರಿ ಒಂಟಿಯಾಗಿ ಸಿಕ್ಕಿತೆಂದು ಮನೆಗೆ ತರಬಾರದು. ತಾಯಿ ಅದನ್ನು ಹಗಲು ಹಾಗೆಯೇ ಬಿಟ್ಟಿದ್ದು ಕತ್ತಲಾದ ಮೇಲೆ ಬಂದು ಹಾಲು ಕುಡಿಸುತ್ತದೆ.

ಇನ್ನು ಗಾತ್ರದ ವಿಷಯ. ನಮ್ಮ ಪೇಟೆಗಳಲ್ಲಿ ಸಿಗುವ ಸಾಧಾರಣ ಬೆರಕೆ ಮೊಲ ಬೆಳೆದಾಗ ಎರಡು ಮೂರು ಕಿಲೋ ತೂಗುತ್ತದೆ. ಲೋಕದಲ್ಲಿ ದೈತ್ಯ ಮೊಲಗಳೆಂದು ಹೆಸರಾದ ತಳಿಗಳು ಬೇರೆ. ಅವುಗಳಲ್ಲಿ ಹಳೆಯದು ಫ್ಲೆಮಿಶ್ ಜೈಂಟ್. ಇಂದಿನ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ, ಗೆಂಟ್ ನಗರದ ಸುತ್ತಮುತ್ತ, ರೈತರು ತಲೆಮಾರುಗಳ ಕಾಲ ದೊಡ್ಡ ಮೊಲಗಳನ್ನೇ ಆರಿಸಿ ಮರಿ ಹಾಕಿಸಿ ಬೆಳೆಸಿದ ತಳಿ ಇದು. ಅದರ ಲಕ್ಷಣಗಳನ್ನು ಕ್ರಮವಾಗಿ ಬರೆದಿಟ್ಟದ್ದು 1893ರಲ್ಲಿ. ಅಮೆರಿಕೆಯ ನಿಯಮದಂತೆ ಬೆಳೆದ ಗಂಡು ಕನಿಷ್ಠ 5.9 ಕಿಲೋ, ಹೆಣ್ಣು ಕನಿಷ್ಠ 6.3 ಕಿಲೋ ತೂಗಬೇಕು. ಏಳೆಂಟು ಕಿಲೋ ತೂಗುವವು ಸಾಮಾನ್ಯ. ಉದ್ದ ಸುಮಾರು ಎರಡೂವರೆ ಅಡಿ. ಇದೇ ರಕ್ತದಿಂದ ಮುಂದೆ ಬಂದದ್ದು ಕಾಂಟಿನೆಂಟಲ್ ಜೈಂಟ್. ಇಂಗ್ಲೆಂಡಿನಲ್ಲಿದ್ದ ಡೇರಿಯಸ್ ಎಂಬ ಮೊಲವನ್ನು 2010ರ ಏಪ್ರಿಲಿನಲ್ಲಿ ಅಳೆದಾಗ 129 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಮೂರು ಅಂಗುಲ ಉದ್ದವಿತ್ತೆಂದು ಗಿನ್ನೆಸ್ ದಾಖಲೆಯಾಯಿತು. ಎಂಟು ವರ್ಷದ ಮಗುವಿನಷ್ಟು ಉದ್ದವೆಂದರೆ ಬಹಳ ತಪ್ಪಾಗದು. ಆದರೆ ಇದು ಲಕ್ಷಕ್ಕೊಂದು. ಅದರ ಭಾವಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಅಂಗೈಯಲ್ಲಿ ಹಿಡಿಯುವಷ್ಟು ಮರಿಯನ್ನು ಕೊಟ್ಟು, ಇದೂ ಹೀಗೆಯೇ ಆಗುತ್ತದೆಂದು ಹೇಳುವವರನ್ನು ನಂಬಬೇಡಿರಿ.

ನಮ್ಮ ದೇಶದಲ್ಲಿ ವೈಟ್ ಜೈಂಟ್, ಗ್ರೇ ಜೈಂಟ್, ಸೋವಿಯತ್ ಚಿಂಚಿಲ್ಲಾ ಎಂಬ ಹೆಸರಿನಿಂದ ಸಿಗುವವು ಹಿಂದೆ ಸೋವಿಯತ್ ಒಕ್ಕೂಟದಿಂದ ತರಿಸಿದ ತಳಿಗಳು. ಹೆಸರಿನಲ್ಲಿ ದೈತ್ಯವಿದ್ದರೂ ಬೆಳೆದಾಗ ನಾಲ್ಕರಿಂದ ಐದು ಕಿಲೋ. ಹುಡುಗನ ಮೊಲ ಇಂಥದೇ ಇರಬೇಕು. ಮಾರಿದವನು ಅದನ್ನು 'ಜರ್ಮನ್ ಮೊಲ, ಹದಿನೈದು ಕಿಲೋ ಆಗುತ್ತದೆ, ಹನ್ನೆರಡು ವರ್ಷ ಬದುಕುತ್ತದೆ' ಎಂದು ಹೇಳಿದ್ದನಂತೆ. ಹುಡುಗನ ತಂದೆ ಅನುಮಾನಪಟ್ಟು ಕೇಳಿದಾಗಲೂ ಅವನು ತನ್ನ ಮಾತು ಬಿಟ್ಟುಕೊಡಲಿಲ್ಲವಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಆಡುವುದುಂಟು. ಇಲ್ಲಿ ಮೊಲವೂ ಇತ್ತು, ಹಿಡಿದವನೂ ಇದ್ದ.

ಈ ತಳಿಗಳನ್ನು ಸರಕಾರದ ಸಂಸ್ಥೆಗಳು ಎಲ್ಲಿಟ್ಟು ಸಾಕಿವೆ ಎಂಬುದನ್ನು ಗಮನಿಸಬೇಕು. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಸ್ಥಾಪನೆಯಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಮೊಲದ ಕೆಲಸಕ್ಕೆ ದಕ್ಷಿಣದಲ್ಲಿ ಹೆಸರಾದ ಕೇಂದ್ರ ತಮಿಳುನಾಡಿನ ಕೊಡೈಕನಾಲಿನ ಹತ್ತಿರದ ಮನ್ನವನೂರಿನಲ್ಲಿದೆ. ಉತ್ತರದಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗಡ್ಸಾದಲ್ಲಿದೆ. ಎರಡೂ ಬೆಟ್ಟದ ಮೇಲಿನ ತಂಪು ಊರುಗಳು. ನಮ್ಮದು ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿಯ ಸುತ್ತಮುತ್ತ ಕಾಯುವ ನೆಲ. ತಳಿ ಒಂದೇ ಆದರೂ ಇಲ್ಲಿ ಅದರ ಪಾಡು ಬೇರೆ.

ಆಯುಷ್ಯದ ಪ್ರಶ್ನೆಗೆ ಬರೋಣ. ಚೆನ್ನಾಗಿ ನೋಡಿಕೊಂಡ ಸಣ್ಣ ಜಾತಿಯ ಮನೆಮೊಲ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ದೈತ್ಯ ಜಾತಿಯದು ಸಾಮಾನ್ಯವಾಗಿ ಐದಾರು ವರ್ಷ. ಏಳೆಂಟು ವರ್ಷ ಕಂಡರೆ ಅದು ಪುಣ್ಯವಂತ ಮೊಲ. ಅತಿ ಹೆಚ್ಚು ಕಾಲ ಬದುಕಿದ್ದೆಂದು ದಾಖಲಾದ ಮೊಲ ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ 1964ರಲ್ಲಿ ಹಿಡಿದು ತಂದ ಫ್ಲಾಪ್ಸಿ. ಅದು ಹದಿನೆಂಟು ವರ್ಷ ಹತ್ತು ತಿಂಗಳು ಬಾಳಿತು. ಅದು ದೈತ್ಯವಲ್ಲ, ಬಯಲಿನ ಸಾಧಾರಣ ಮೊಲ.

ದೊಡ್ಡದಕ್ಕೆ ಆಯುಷ್ಯ ಹೆಚ್ಚಿರಬೇಕಲ್ಲವೇ, ಆನೆ ಇಲಿಗಿಂತ ಬಹುಕಾಲ ಬದುಕುವುದಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಬೇರೆ ಬೇರೆ ಜಾತಿಗಳ ನಡುವೆ ಆ ಮಾತು ಬಹುಮಟ್ಟಿಗೆ ನಿಜ. ಒಂದೇ ಜಾತಿಯ ಒಳಗೆ ಮಾತು ತಿರುಗುತ್ತದೆ. ನಾಯಿಗಳನ್ನೇ ನೋಡಿರಿ: ಕರುವಿನಷ್ಟು ಎತ್ತರ ಬೆಳೆಯುವ ಗ್ರೇಟ್ ಡೇನ್ ಏಳೆಂಟು ವರ್ಷಕ್ಕೆ ಮುದಿಯಾಗುತ್ತದೆ, ಮಡಿಲಲ್ಲಿ ಕೂರುವ ಪುಟ್ಟ ನಾಯಿ ಹದಿಮೂರು ಹದಿನಾಲ್ಕು ವರ್ಷ ಓಡಾಡುತ್ತದೆ. ಮೊಲದ ದೇಹ ಹುಟ್ಟಿನಿಂದ ರೂಪುಗೊಂಡದ್ದು ಒಂದೂವರೆ ಎರಡು ಕಿಲೋ ತೂಕಕ್ಕೆ. ಮನುಷ್ಯನು ಆರಿಸಿ ಆರಿಸಿ ಅದನ್ನು ನಾಲ್ಕು ಪಟ್ಟು ಬೆಳೆಸಿದ. ಮೈ ಬೆಳೆಯಿತು, ಹೃದಯ, ಕೀಲು, ಪಾದಗಳು ಅದೇ ಹಳೆಯ ಮಾದರಿಯವು. ಎತ್ತಿನ ಗಾಡಿಯ ಅಚ್ಚಿನ ಮೇಲೆ ಟ್ರ್ಯಾಕ್ಟರಿನ ಹೇರು ಹೇರಿದಂತೆ. ಆದುದರಿಂದ ದೈತ್ಯ ಮೊಲಗಳಲ್ಲಿ ಹೃದಯದ ಸ್ನಾಯು ಸೋಲುವುದು, ಬೆನ್ನೆಲುಬು ಸವೆಯುವುದು, ಕೀಲು ಹಿಡಿಯುವುದು ಸಣ್ಣವಕ್ಕಿಂತ ಹೆಚ್ಚು. ನಾಲ್ಕು ವರ್ಷ ದಾಟಿದ ದೊಡ್ಡ ಮೊಲ ಹಿಂಗಾಲು ಎಳೆದು ನಡೆದರೆ, ಬೆನ್ನು ಬಾಗಿಸಿ ಕೂತರೆ, ಸೋಮಾರಿತನವೆಂದು ಬಿಡಬಾರದು. ಅದಕ್ಕೆ ನೋವಿದೆ. ಮೊಲ ನೋವನ್ನು ಕೂಗಿ ಹೇಳದು. ಬೇಟೆಯ ಪ್ರಾಣಿ ಕೂಗಿದರೆ ನರಿಗೆ ತಿಳಿಯುತ್ತದೆ, ಅದಕ್ಕಾಗಿ ಮುಚ್ಚಿಟ್ಟುಕೊಳ್ಳುತ್ತದೆ.

ಈಗ ಹುಡುಗನ ಮೊಲವನ್ನು ಕೊಂದ ಕಾಯಿಲೆ. ದನವೂ ಆಡೂ ಮೆಲುಕು ಹಾಕುತ್ತವೆ; ಮೊಲ ಮೆಲುಕು ಹಾಕುವುದಿಲ್ಲ. ಅದರ ಬದಲು ಹೊಟ್ಟೆಯ ಹಿಂಭಾಗದಲ್ಲಿ ದೊಡ್ಡದೊಂದು ಚೀಲದಂಥ ಕರುಳಿದೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿ ಬರಿಸಿ ಕರಗಿಸುತ್ತವೆ. ಹಾಗೆ ಕರಗಿದ ಸಾರ ಮೆತ್ತನೆಯ ಹಿಕ್ಕೆಯಾಗಿ ಹೊರಬರುತ್ತದೆ. ಮೊಲ ಅದನ್ನು ಬಾಯಿ ಹಚ್ಚಿ ಪುನಃ ನುಂಗುತ್ತದೆ. ಇದು ಹೊಲಸು ಚಾಳಿಯಲ್ಲ, ಅದರ ಊಟದ ಎರಡನೆಯ ಪಾಲು. ಇದನ್ನು ಕಂಡು ಮೊಲವನ್ನು ಹೊಡೆದವರಿದ್ದಾರೆ, ಹೊಡೆಯಬೇಡಿರಿ. ನೆಲದಲ್ಲಿ ಕಾಣುವ ಗಟ್ಟಿ ಹಿಕ್ಕೆ ಬೇರೆ, ಅದನ್ನು ಅದು ಮುಟ್ಟುವುದಿಲ್ಲ.

ಈ ಯಂತ್ರ ನಡೆಯಬೇಕಾದರೆ ಹೊಟ್ಟೆಯೊಳಗೆ ನಾರು ಹಗಲಿರುಳು ಸರಿಯುತ್ತಿರಬೇಕು. ಮೊಲ ವಾಂತಿ ಮಾಡಲಾರದು. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ನೋವು, ಹೆದರಿಕೆ, ಸೆಕೆ, ನೀರಿನ ಕೊರತೆ, ಹಲ್ಲಿನ ತೊಂದರೆ, ರೊಟ್ಟಿ ಅನ್ನದಂಥ ತಿನಿಸು, ಇವುಗಳಲ್ಲಿ ಯಾವುದರಿಂದಲೋ ಕರುಳಿನ ಚಲನೆ ನಿಧಾನವಾದರೆ ಮೊಲ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಚಲನೆ ಇನ್ನೂ ನಿಲ್ಲುತ್ತದೆ. ಒಳಗಿನ ಮೇವು ಒಣಗಿ ಗಡ್ಡೆಯಾಗುತ್ತದೆ, ಗಾಳಿ ತುಂಬುತ್ತದೆ, ಕೆಟ್ಟ ಜೀವಾಣುಗಳು ಹೆಚ್ಚುತ್ತವೆ, ಪಿತ್ತಕೋಶ ಕೆಡುತ್ತದೆ. ಇದಕ್ಕೆ ಉಪವಾಸವೆಂಬುದು ಮದ್ದಲ್ಲ, ವಿಷ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲ ಅಪಾಯದಲ್ಲಿದೆ ಎಂದೇ ತಿಳಿಯಬೇಕು. ಆ ದಿನವೇ, ಸಾಧ್ಯವಾದರೆ ಆ ಹೊತ್ತೇ, ಪಶುವೈದ್ಯರ ಹತ್ತಿರ ಒಯ್ಯಬೇಕು. ವೈದ್ಯರು ನೋವಿಗೆ ಮದ್ದು ಕೊಟ್ಟು, ಚರ್ಮದ ಕೆಳಗೆ ಬೆಚ್ಚನೆಯ ದ್ರವ ಕೊಟ್ಟು, ಕರುಳು ಕಟ್ಟಿಕೊಂಡಿಲ್ಲವೆಂದು ನೋಡಿದ ಮೇಲೆ ಹುಲ್ಲಿನ ಹಿಟ್ಟಿನ ಗಂಜಿಯನ್ನು ಪಿಚಕಾರಿಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾರೆ. ನಾನು ಆ ಬೆಳಿಗ್ಗೆ "ಈಗಲೇ ದವಾಖಾನಿಗೆ ಒಯ್ಯಿ" ಎಂದಿದ್ದರೆ ಅದು ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳಲಾರೆ. ಉಳಿಯುವ ಅವಕಾಶವಾದರೂ ಇತ್ತು.

ಹೀಗಾಗದಿರಲು ಏನು ತಿನ್ನಿಸಬೇಕು? ಹುಲ್ಲು, ಹುಲ್ಲು, ಮತ್ತೂ ಹುಲ್ಲು. ದಿನದ ಮೇವಿನಲ್ಲಿ ಹತ್ತರಲ್ಲಿ ಎಂಟು ಪಾಲು ಹುಲ್ಲೇ ಇರಬೇಕು. ಕರಿಕೆ, ಗಿನಿ ಹುಲ್ಲು, ಬದುವಿನ ಹುಲ್ಲನ್ನು ನೆರಳಲ್ಲಿ ಒಣಗಿಸಿಟ್ಟದ್ದು ಎಲ್ಲವೂ ಒಳ್ಳೆಯವು. ಒಣಹುಲ್ಲು ಹಲ್ಲಿಗೂ ಬೇಕು: ಮೊಲದ ಮುಂದಿನ ಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ, ಅಗಿದು ಅಗಿದು ಸವೆಯದಿದ್ದರೆ ಬಾಗಿ ಒಸಡಿಗೆ ಚುಚ್ಚುತ್ತದೆ. ಕೊತ್ತಂಬರಿಯಂಥ ಸೊಪ್ಪು ದಿನಕ್ಕೊಂದು ಹಿಡಿ ಕೊಡಬಹುದು. ಕುದುರೆ ಮೆಂತ್ಯದ ಸೊಪ್ಪು ಬೆಳೆಯುವ ಮರಿಗೆ ಸರಿ. ಬೆಳೆದ ಮೊಲಕ್ಕೆ ದಿನಾಲೂ ಹಾಕಿದರೆ ಸುಣ್ಣದ ಅಂಶ ಹೆಚ್ಚಾಗಿ ಮೂತ್ರದಲ್ಲಿ ಮರಳಿನಂತೆ ನಿಲ್ಲುತ್ತದೆ. ತೊಗರಿ ಹೊಟ್ಟು ದನಕ್ಕೆ ಒಳ್ಳೆಯದೆಂದು ಮೊಲಕ್ಕೂ ಅದನ್ನೇ ಮುಖ್ಯ ಮೇವು ಮಾಡಬಾರದು. ನೆನೆಸಿದ ಕಡಲೆ, ರೊಟ್ಟಿ, ಅನ್ನ, ಬಿಸ್ಕೀಟು, ಬೆಲ್ಲ, ಕಬ್ಬಿನ ತುಂಡು ಇವು ಪ್ರೀತಿಯಿಂದ ಕೊಡುವ ವಸ್ತುಗಳು, ನಿಜ. ಆದರೆ ಇವೇ ಆ ಕರುಳನ್ನು ಕೆಡಿಸುತ್ತವೆ. ಗಜ್ಜರಿ ಕೂಡ ಸಿಹಿಯೇ. ಬೆರಳಿನಷ್ಟು ತುಂಡು ಸಾಕು. ಎಳೆಯ ಜೋಳದ ಪೈರು, ಟೊಮೇಟೊ ಮತ್ತು ಆಲೂಗಡ್ಡೆಯ ಎಲೆ, ಈರುಳ್ಳಿ, ಬೆಳ್ಳುಳ್ಳಿ, ಎಕ್ಕೆ, ಕಣಗಿಲೆ, ಹರಳಿನ ಗಿಡ ಇವುಗಳನ್ನು ಹತ್ತಿರಕ್ಕೂ ತರಬಾರದು. ಔಷಧಿ ಹೊಡೆದ ಹೊಲದ ಬದುವಿನ ಹುಲ್ಲೂ ಹಾಗೆಯೇ. ಸೋಯಾಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಈ ಎಚ್ಚರ ಬಹಳ ಅಗತ್ಯ.

ದೈತ್ಯ ಮೊಲದ ಹೊಟ್ಟೆಯೂ ದೊಡ್ಡದು ಎಂಬುದನ್ನು ಮರೆಯಬಾರದು. ಜರ್ಮನಿಯ ಸಾಕಣೆದಾರರೊಬ್ಬರು ಬೆಳೆಸಿದ, ಹತ್ತು ಕಿಲೋ ಮೀರಿದ ಮೊಲವನ್ನು ಪತ್ರಿಕೆಯಲ್ಲಿ ಕಂಡು ಉತ್ತರ ಕೊರಿಯಾದವರು 2006ರಲ್ಲಿ ತಮ್ಮ ಆಹಾರದ ಕೊರತೆ ನೀಗಲೆಂದು ಅಂಥ ಮೊಲಗಳನ್ನು ತರಿಸಿಕೊಂಡರು. ಕೇಳಲು ಚೆಂದ. ಆದರೆ ಅಷ್ಟು ದೊಡ್ಡ ಮೈಯನ್ನು ಹೊರಲು ಅದು ಮೊದಲು ತಿನ್ನಬೇಕಲ್ಲ! ನಮ್ಮಲ್ಲಿ ಬೇಸಿಗೆಯಲ್ಲಿ ಎತ್ತಿಗೇ ಹಸಿ ಮೇವು ಸಿಗುವುದು ಕಷ್ಟ. ಆ ನಾಲ್ಕು ತಿಂಗಳಿಗೆ ಒಣಹುಲ್ಲಿನ ಏರ್ಪಾಡು ಇಲ್ಲದವರು ದೊಡ್ಡ ಮೊಲ ತರುವ ಯೋಚನೆ ಬಿಡುವುದೇ ಮೇಲು.

ಸೆಕೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಮೊಲಗಳನ್ನು ಕೊಲ್ಲುವುದರಲ್ಲಿ ಇದೇ ಮುಂದು. ಮೊಲಕ್ಕೆ ಬೆವರು ಬರುವುದಿಲ್ಲ. ನಾಯಿಯಂತೆ ತೇಕಿ ಮೈ ತಣಿಸಿಕೊಳ್ಳುವ ಶಕ್ತಿಯೂ ಅದಕ್ಕೆ ಅಷ್ಟಾಗಿ ಇಲ್ಲ. ಅದರ ಕಿವಿಗಳೇ ಅದರ ಬೀಸಣಿಗೆ. ಕಿವಿಯ ನರಗಳಲ್ಲಿ ರಕ್ತ ಹರಿದು ಗಾಳಿಗೆ ತಂಪಾಗುತ್ತದೆ. ಸುತ್ತಲ ಗಾಳಿಯೇ ಮೈಗಿಂತ ಬಿಸಿಯಾದರೆ ಕಿವಿ ಏನು ಮಾಡೀತು? ಮೊಲದ ಮೈಬಿಸಿ 38.5ರಿಂದ 39.5 ಡಿಗ್ರಿ. ಅದಕ್ಕೆ ಹಿತವಾದ ಹವೆ 15ರಿಂದ 21 ಡಿಗ್ರಿ. 30 ದಾಟಿದರೆ ಸಂಕಟ ಆರಂಭ. ದೊಡ್ಡ ಮೈಯಲ್ಲಿ ಬಿಸಿ ಹೆಚ್ಚು ನಿಲ್ಲುವುದರಿಂದ ದೈತ್ಯಗಳಿಗೆ ಇನ್ನೂ ಬೇಗ. ಹುಡುಗನ ಮನೆಯಲ್ಲಿ ಗೂಡು ಇದ್ದದ್ದು ತಗಡಿನ ಕೆಳಗೆ. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಮನುಷ್ಯನೇ ಕೂರಲಾರ. ಎರಡು ದಿನದ ಆ ಸೆಕೆಯೇ ಅದರ ಊಟ ಬಿಡಿಸಿತೆಂದು ನನಗೆ ಈಗ ತೋರುತ್ತದೆ.

ನಮ್ಮ ಹಿರಿಯರ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇದಕ್ಕೆ ಬಹಳ ಅನುಕೂಲ. ತಗಡಿನ ಮನೆ ಕಟ್ಟಿಸಿದವರು ಹಳೆಯ ಮಾಳಿಗೆಯ ಒಂದು ಅಂಕಣವನ್ನಾದರೂ ಕೆಡವದೆ ಉಳಿಸಿಕೊಂಡಿದ್ದರೆ ಮೊಲವನ್ನು ಬೇಸಿಗೆಯಲ್ಲಿ ಅಲ್ಲಿಗೆ ಸಾಗಿಸಿರಿ. ಅದಿಲ್ಲದವರು ಬೇವಿನ ನೆರಳಲ್ಲಿ ಗೂಡಿಟ್ಟು, ಮೇಲೆ ಸೊಪ್ಪಿಯ ದಪ್ಪ ಹೊದಿಕೆ ಹಾಕಬೇಕು. ಒಂದು ಬದಿಗೆ ಮಾತ್ರ ಒದ್ದೆ ಗೋಣಿತಟ್ಟು ಇಳಿಬಿಟ್ಟು ಎದುರು ಬದಿ ಗಾಳಿಗೆ ತೆರೆದಿಡಬೇಕು; ನಾಲ್ಕೂ ಕಡೆ ಒದ್ದೆ ತಟ್ಟು ಮುಚ್ಚಿದರೆ ಒಳಗೆ ಹಬೆಯಾಗಿ ಇನ್ನೂ ಕೇಡು. ಶಹಾಬಾದಿ ಪರಸಿಯ ಒಂದು ತುಂಡನ್ನು ಗೂಡಿನೊಳಗೆ ಹಾಕಿ ಬೆಳಿಗ್ಗೆ ನೀರು ಚಿಮುಕಿಸಿದರೆ ಮೊಲ ತಾನೇ ಬಂದು ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ. ಫ್ರಿಜ್ ಇರುವ ಮನೆಯವರು ಬಾಟಲಿಯಲ್ಲಿ ನೀರು ಗಟ್ಟಿಮಾಡಿ ಬಟ್ಟೆ ಸುತ್ತಿ ಇಡಬಹುದು. ನೀರನ್ನು ಭಾರವಾದ ಮಣ್ಣಿನ ಬಟ್ಟಲಲ್ಲಿ ಇಡಬೇಕು, ಮಧ್ಯಾಹ್ನ ಬದಲಿಸಬೇಕು. ಆರು ಕಿಲೋದ ಮೊಲ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಕುಡಿದೀತು.

ಮೊಲ ಮೈ ಚಾಚಿ ಬಿದ್ದು, ಬಾಯಿ ತೆರೆದು ಉಸಿರಾಡುತ್ತ, ಮೂಗು ಒದ್ದೆಯಾಗಿ, ಕಿವಿ ಕೆಂಪಾಗಿದ್ದರೆ ಸೆಕೆ ತಲೆಗೇರಿದೆ ಎಂದು ತಿಳಿಯಿರಿ. ಕೂಡಲೇ ತಂಪು ಜಾಗಕ್ಕೆ ತಂದು ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒರೆಸಬೇಕು. ಬಕೆಟಿನಲ್ಲಿ ಮುಳುಗಿಸಬಾರದು, ಮಂಜುಗಡ್ಡೆ ಹಚ್ಚಬಾರದು, ಬಾಯಿಗೆ ನೀರು ಸುರಿಯಬಾರದು. ಒರೆಸುತ್ತಲೇ ದವಾಖಾನೆಗೆ ಹೊರಡಬೇಕು.

ಇನ್ನು ಪಾದಗಳು. ನಾಯಿಗೆ ಇರುವಂತೆ ಮೊಲದ ಅಂಗಾಲಿಗೆ ಮೆತ್ತೆಯಿಲ್ಲ, ಕೂದಲು ಮಾತ್ರ. ಏಳು ಕಿಲೋ ತೂಕ ತಂತಿಯ ನೆಲದ ಮೇಲೆ ಕೂತರೆ ಕೂದಲು ಉದುರಿ, ಚರ್ಮ ಒಡೆದು, ಹುಣ್ಣಾಗಿ, ಕೊನೆಗೆ ಎಲುಬಿಗೆ ತಗಲುತ್ತದೆ. ಅಂಗಡಿಯವರು ಕೊಡುವ ತಂತಿಗೂಡು ದೊಡ್ಡ ಮೊಲಕ್ಕೆ ಸೆರೆಮನೆಯೇ ಸರಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎದ್ದು ನಿಲ್ಲಲು ಮೂರು ಅಡಿ ಎತ್ತರದ ಜಾಗ, ಅದರಲ್ಲಿ ದಪ್ಪವಾಗಿ ಹುಲ್ಲಿನ ಹಾಸು, ದಿನಕ್ಕೊಮ್ಮೆ ಒದ್ದೆ ತೆಗೆಯುವುದು, ಇಷ್ಟು ಬೇಕು. ಬೆಕ್ಕು ನಾಯಿ ಬಾರದಂತೆ ಬಲೆ ಇರಲಿ. ಎತ್ತುವಾಗ ಕಿವಿ ಹಿಡಿದು ಎತ್ತುವ ಕೆಟ್ಟ ರೂಢಿ ನಮ್ಮಲ್ಲಿದೆ. ಮೊಲದ ಎಲುಬು ಬಹಳ ಹಗುರ, ಹಿಂಗಾಲಿನ ಒದೆತ ಬಹಳ ಬಿರುಸು. ಗಾಳಿಯಲ್ಲಿ ಒದ್ದುಕೊಂಡರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಟ್ಟು ಮೈಗೆ ಆನಿಸಿ ಎತ್ತಬೇಕು. ಹತ್ತು ವರ್ಷದೊಳಗಿನ ಮಕ್ಕಳು ದೈತ್ಯ ಮೊಲವನ್ನು ಎತ್ತಲೇಬಾರದು. ನೆಲದ ಮೇಲೆ ಕೂತು ಆಡಿಸಲಿ.

ಮಳೆಗಾಲದಲ್ಲಿ ನೊಣದ ಕಾಟ. ಮೈ ದಪ್ಪವಾದ ಮೊಲ ತನ್ನ ಹಿಂಭಾಗವನ್ನು ನೆಕ್ಕಿ ಶುಚಿ ಮಾಡಿಕೊಳ್ಳಲಾರದು. ಹೊಲಸು ಅಂಟಿದ ಕೂದಲಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗಿ ಜೀವಂತ ಮಾಂಸವನ್ನು ಕೊರೆಯುತ್ತವೆ. ಜೂನಿನಿಂದ ಸೆಪ್ಟೆಂಬರದವರೆಗೆ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಬೇಕು. ಮೂರು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬಾರದು. ಎಳವೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇದನ್ನು ತಪ್ಪಿಸಬಹುದು, ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವವಿದ್ದ ವೈದ್ಯರೇ ಮಾಡಬೇಕು.

ಔಷಧಿಗಳ ವಿಷಯದಲ್ಲಿ ಎರಡು ಮಾತು. ನಾಯಿಯ ಉಣ್ಣೆ–ಚಿಗಟಕ್ಕೆ ಬೆನ್ನಿನ ಮೇಲೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಂತಿಕ. ಕಬ್ಬು ಬೆಳೆಯುವವರಿಗೆ ಈ ಹೆಸರು ಪರಿಚಿತವೇ. ಮನುಷ್ಯರಿಗೆಂದು ತಂದಿಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಗುಳಿಗೆಗಳನ್ನು ಪುಡಿಮಾಡಿ ಮೊಲಕ್ಕೆ ತಿನ್ನಿಸಿದರೆ ಕರುಳಿನ ಒಳ್ಳೆಯ ಜೀವಿಗಳೆಲ್ಲ ಸತ್ತು ಎರಡು ಮೂರು ದಿನದಲ್ಲಿ ಭೇದಿಯಾಗಿ ಮೊಲ ಸಾಯಬಹುದು. ಕಿವಿಯಲ್ಲಿ ಹಕ್ಕಳೆ ಕಟ್ಟುವ ಕಜ್ಜಿಗೆ ಐವರ್ಮೆಕ್ಟಿನ್ ಒಳ್ಳೆಯ ಮದ್ದು. ಆದರೆ ಕುರಿಗೆ ಕೊಡುವ ಅಂದಾಜಿನಲ್ಲಿ ಕೊಡದೆ ತೂಕ ನೋಡಿ ವೈದ್ಯರಿಂದಲೇ ಕೊಡಿಸಬೇಕು. ತಾಲೂಕು ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಕಾಲೇಜಿದೆ. ಜಿಲ್ಲೆಯಲ್ಲಿಯೇ ಇಂಥ ಅನುಕೂಲವಿರುವುದು ನಮ್ಮ ಭಾಗ್ಯ. ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಇದಿಲ್ಲ. ಹೊರಡುವ ಮೊದಲು ಫೋನು ಮಾಡಿ ಮೊಲ ನೋಡುವ ವೈದ್ಯರು ಇರುವ ಹೊತ್ತು ಕೇಳಿಕೊಂಡರೆ ಬಸವಕಲ್ಯಾಣದಿಂದ ಅಷ್ಟು ದೂರ ಹೋದದ್ದು ವ್ಯರ್ಥವಾಗದು.

ಕೊಳ್ಳುವವರು ಎಂಟು ವಾರ ತುಂಬದ ಮರಿಯನ್ನು ಕೊಳ್ಳಬಾರದು. ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸಿ ಮಾರುವ ಮರಿಗಳು ಭೇದಿಯಿಂದ ಸಾಯುವುದೇ ಹೆಚ್ಚು. ತಾಯಿ ತಂದೆಯನ್ನು ತೋರಿಸಿರೆಂದು ಕೇಳಿರಿ. ಮರಿಯ ಗಾತ್ರಕ್ಕೆ ಅದೇ ಸಾಕ್ಷಿ. ಎಂಟು ವಾರದ ನಿಜವಾದ ದೈತ್ಯ ಮರಿ ಒಂದೂವರೆ ಕಿಲೋ ಮೇಲೆಯೇ ತೂಗುತ್ತದೆ, ಒಂದು ವರ್ಷದ ನಂತರವೂ ಸ್ವಲ್ಪ ಸ್ವಲ್ಪ ಬೆಳೆಯುತ್ತಲೇ ಇರುತ್ತದೆ. ಗಂಡು ಹೆಣ್ಣು ಜೊತೆಗೆ ಕೊಂಡರೆ ಹೆಣ್ಣಿಗೆ ಮೂವತ್ತು ಮೂವತ್ತೆರಡು ದಿನಕ್ಕೊಮ್ಮೆ ಮರಿ ಹಾಕುವ ಶಕ್ತಿಯಿದೆ ಎಂಬುದು ನೆನಪಿರಲಿ. ಆಮೇಲೆ ಮರಿಗಳನ್ನು ಹಂಚಲು ಬೀಗರ ಮನೆಗಳು ಸಾಲವು.

ಆ ಹುಡುಗ ಈಗ ಎಂಟನೆಯ ತರಗತಿ ದಾಟಿದ್ದಾನೆ. ಇನ್ನೊಂದು ಮೊಲ ತರಬೇಕೆಂದು ಅವನ ಆಸೆ, ತಂದೆ ಬೇಡವೆನ್ನುತ್ತಾರೆ. ಹೋದ ವಾರ ನನ್ನನ್ನು ಕರೆದು ಹಳೆಯ ಮಾಳಿಗೆಯ ಅಂಕಣದಲ್ಲಿ ತಾನು ಅಳೆದಿಟ್ಟ ಜಾಗ ತೋರಿಸಿದ. ಹತ್ತು ಅಡಿಗೆ ಆರು ಅಡಿ ಸರಿಯಾಗಿತ್ತು. ಕಿಟಕಿಯಿರಲಿಲ್ಲ. ಗಾಳಿಗೆ ಒಂದು ಕಿಂಡಿ ತೆಗೆಸಿ, ದೀಪಾವಳಿ ಕಳೆದ ಮೇಲೆ ತಂಪಿನಲ್ಲಿ ತರಬಹುದೆಂದು ಹೇಳಿ ಬಂದಿದ್ದೇನೆ.

ದೊಡ್ಡ ಮೊಲ ಸಾಕಿದವರು ವಾರಕ್ಕೊಮ್ಮೆ ತೂಕ ಬರೆದಿಡತಕ್ಕದ್ದು. ತೂಕ ಇಳಿಯುತ್ತಿದ್ದರೆ ಕಾಯಿಲೆ ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. ಹತ್ತು ಕಿಲೋದ ತೂಗು ತಕ್ಕಡಿಯೊಂದು ನನ್ನ ಚೀಲದಲ್ಲಿದೆ. ತಮ್ಮ ಹಳ್ಳಿಗೆ ಬಂದ ದಿನ ಹೇಳಿದರೆ ಮನೆಗೆ ಬಂದು ತೂಗಿಕೊಡುತ್ತೇನೆ. ಮೊಲ ಊಟ ಬಿಟ್ಟರೆ ಮಾತ್ರ ನನ್ನ ದಾರಿ ಕಾಯದೆ ನೇರವಾಗಿ ದವಾಖಾನೆಗೆ ಒಯ್ಯಿರಿ.